ಕುಸಾದೊ ಸೆಂಗೆನ್ ಪಟ್ಟಣವೂ ಮಡಕೆಯ ಚೂರುಗಳೂ

ಜಪಾನಿನ ಹಿರೋಷಿಮಾ ಪ್ರಾಂತಕ್ಕೆ ಸೇರಿದ ಫುಕುಯಾಮಾ ನಗರದ ಬಳಿ ಆಷಿದಾ ಎಂಬ ನದಿಯು ಹರಿದು ಒಳಗಡಲನ್ನು ಕೂಡುತ್ತದೆ. ಪೂರ್ವದಲ್ಲಿ ಇದರ ದಡದ ಮೇಲೆ ಕುಸಾದೊ ಸೆಂಗೆನ್ ಎಂಬ ಪಟ್ಟಣವಿದ್ದಿತೆಂದೂ, ಕ್ರಿ.ಶ. ೧೬೭೩ರ ಮಹಾಪ್ರವಾಹದಲ್ಲಿ ಅದು ಕೊಚ್ಚಿಹೋಯಿತೆಂದೂ ಹದಿನೆಂಟನೆಯ ಶತಮಾನದ ಸ್ಥಳಚರಿತ್ರೆಯೊಂದು ಹೇಳುತ್ತದೆ. ಪಟ್ಟಣದ ಕುರುಹು ಮಾತ್ರ ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ನೆರೆಯ ಹಾವಳಿಯನ್ನು ತಡೆಯುವ ಉದ್ದೇಶದಿಂದ ಈ ನದಿಯ ಪಾತ್ರವನ್ನು ತಿದ್ದುವ ಕಾರ್ಯವು ನಡೆಯಿತು. ಆಗ ಅಗೆದ ಮಣ್ಣಿನಲ್ಲಿ ಮಡಕೆಯ ಚೂರುಗಳೂ ಶಿಲಾಸ್ತೂಪಗಳ ತುಂಡುಗಳೂ ದೊರೆತವು. ಮರೆತುಹೋದ ಪಟ್ಟಣದ ನೆಲವು ಹೊಸ ಪಾತ್ರದ ನಡುವಣ ಮರಳುದಿಣ್ಣೆಯಾಗಿ ಉಳಿಯಿತು. ೧೯೬೧ರಲ್ಲಿ ಅಲ್ಲಿ ಕ್ರಮವಾದ ಉತ್ಖನನವು ಮೊದಲಾಗಿ ೧೯೯೪ರವರೆಗೆ ಸಾಗಿತು.

ಬೀದಿಗಳು, ಬಾವಿಗಳು, ಚರಂಡಿಗಳು, ಮನೆಗಳ ನಿವೇಶನಗಳು ಒಂದೊಂದಾಗಿ ಬೆಳಕಿಗೆ ಬಂದವು. ತೇವದ ಮಣ್ಣು ಕಾಪಾಡಿದುದರಿಂದ ಮರದ ಪಾದರಕ್ಷೆ, ಅರಗಿನ ಬಣ್ಣದ ಬಟ್ಟಲು, ವರ್ತಕರ ಲೆಕ್ಕ ಬರೆದ ಹಲಗೆಯ ಚೂರು ಮೊದಲಾದುವು ಸಹ ಉಳಿದಿದ್ದುವು. ಮೃಣ್ಮಯ ಪಾತ್ರೆಗಳಂತೂ ಹೇರಳವಾಗಿ ದೊರೆತವು. ಉಂಡು ಬಿಸಾಡುವ ಮೆರುಗಿಲ್ಲದ ತಟ್ಟೆಗಳು, ಬಿಜೆನ್ ನಾಡಿನ ಗುಡಾಣಗಳು ಮತ್ತು ಅರೆಯುವ ಬೋಗುಣಿಗಳು, ಸೆತೊ ಊರಿನ ಮೆರುಗಿನ ಪಾತ್ರೆಗಳು, ಚೀನದಿಂದ ಕಡಲು ದಾಟಿ ಬಂದ ಹಸಿರು ಮತ್ತು ಬಿಳಿ ಪಿಂಗಾಣಿಗಳು ಒಂದೇ ಊರಿನಲ್ಲಿ ಕೂಡಿದ್ದುವು. ನದಿಯ ಮುಖದ ಈ ಸಣ್ಣ ಪೇಟೆಯು ದೂರದೇಶಗಳ ವ್ಯಾಪಾರಕ್ಕೆ ಒಳಪಟ್ಟಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸಮೀಪದ ದೇವಾಲಯದಲ್ಲಿ ೧೩೪೮ರಲ್ಲಿ ಎದ್ದ ಐದಂತಸ್ತಿನ ಗೋಪುರವು ಇಂದಿಗೂ ನಿಂತಿದೆ. ಜನರು ಒಂದೊಂದು ಕಾಸಿನಂತೆ ಕೊಟ್ಟ ಹಣದಿಂದ ಅದನ್ನು ಕಟ್ಟಲಾಯಿತೆಂದು ಅದರ ಶಿಖರದ ಲಿಪಿಯಿಂದ ತಿಳಿಯುತ್ತದೆ.

ಈ ಚೂರುಗಳು ಸ್ಥಳಚರಿತ್ರೆಯ ಮಾತನ್ನೂ ತಿದ್ದಿದುವು. ಕುಂಬಾರನ ಕೈಯಲ್ಲಿ ಪಾತ್ರೆಯ ರೂಪವು ತಲೆಮಾರಿನಿಂದ ತಲೆಮಾರಿಗೆ ಕೊಂಚಕೊಂಚವಾಗಿ ಮಾರ್ಪಡುವುದು ಸಹಜ. ಬೋಗುಣಿಯ ಬಾಯಂಚು, ತಟ್ಟೆಯ ಅಳತೆ ಇವುಗಳನ್ನು ಹೋಲಿಸಿ ನೋಡಿದರೆ ಅವುಗಳ ಕಾಲವನ್ನು ನಿರ್ಣಯಿಸಬಹುದು. ಹೀಗೆ ಪರೀಕ್ಷಿಸಲಾಗಿ, ಪಟ್ಟಣವು ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ತಲೆಯೆತ್ತಿ, ಹದಿನಾರನೆಯ ಶತಮಾನದ ಆದಿಯಲ್ಲಿಯೇ ಪಾಳುಬಿದ್ದಿತೆಂದು ಗೊತ್ತಾಯಿತು. ೧೬೭೩ರ ನೀರು ಕೊಂಡುಹೋದುದು ಆ ಐಸಿರಿಯ ಪಟ್ಟಣವನ್ನಲ್ಲ, ಅದರ ನೆಲದ ಮೇಲೆ ತರುವಾಯ ನೆಲೆಸಿದ ವಸತಿಯನ್ನು. ಒಂದೂವರೆ ಶತಮಾನದ ಈ ಅಂತರವನ್ನು ತೋರಿಸಿದುದರಲ್ಲಿ ಸಿರಿವಂತರ ಪಿಂಗಾಣಿಗಿಂತ ಬಡವರ ಅಡುಗೆಮನೆಯ ಒಡಕುಗಳ ಪಾಲೇ ಹೆಚ್ಚಿನದು.

ದೊರೆತ ವಸ್ತುಗಳು ೧೯೮೯ರಲ್ಲಿ ಫುಕುಯಾಮಾದಲ್ಲಿ ತೆರೆದ ಪ್ರಾಂತೀಯ ಇತಿಹಾಸ ವಸ್ತುಸಂಗ್ರಹಾಲಯವನ್ನು ಸೇರಿವೆ. ಹಳೆಯ ಬೀದಿಯೊಂದನ್ನೇ ಅದರೊಳಗೆ ಪೂರ್ಣಪ್ರಮಾಣದಲ್ಲಿ ಮರಳಿ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ಪಟ್ಟಣವಿದ್ದ ನೆಲವು ನದಿಯ ಪಾಲಾಯಿತು. ಬದುಕಿರುವ ಊರನ್ನು ನೆರೆಯಿಂದ ಉಳಿಸಬೇಕಾದರೆ ಅಳಿದ ಊರಿನ ನೆಲವನ್ನು ಬಿಟ್ಟುಕೊಡಬೇಕಾಗಿದ್ದಿತು. ಮೂವತ್ತಕ್ಕೂ ಮಿಕ್ಕ ವರ್ಷಗಳ ತಾಳ್ಮೆಯ ದುಡಿಮೆಯಿಲ್ಲದಿದ್ದರೆ, ನೆಲದೊಡನೆ ಆ ಜನರ ಬಾಳಿನ ಕಥೆಯೂ ಎರಡನೆಯ ಸಲ ನೀರುಪಾಲಾಗುತ್ತಿದ್ದಿತು.