ಬಿಜಾಪುರದಿಂದ ಆಗ್ರಾಕ್ಕೆ ಹೋದ ಹೊಗೆ

ಕನ್ನಡ ನಾಡಿನಿಂದ ಮೊಘಲ್ ದರ್ಬಾರಿಗೆ ಹೋದ ಉಡುಗೊರೆಗಳಲ್ಲಿ ಜನರ ಆಯುಸ್ಸಿಗೆ ಅತ್ಯಂತ ದುಬಾರಿಯಾದದ್ದು ಹೊಗೆಸೊಪ್ಪೇ ಇರಬೇಕು. ಇಬ್ರಾಹಿಂ ಆದಿಲ್‌ಶಾಹನ ಬಿಜಾಪುರಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್ ಅಲ್ಲಿ ಅದನ್ನು ಕಂಡು ಬೆರಗಾದ. ಪೋರ್ಚುಗೀಸರ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಿಳಿದಿದ್ದ ಈ ಸೊಪ್ಪನ್ನು ಉತ್ತರದಲ್ಲಿ ಅವನು ನೋಡಿಯೇ ಇರಲಿಲ್ಲ. ರತ್ನ ಕೆತ್ತಿದ ಕೊಳವೆ, ಯೆಮನ್ನಿನ ಕೆಂಪು ಕಲ್ಲಿನ ಬಾಯಿತುದಿ, ಹೊತ್ತಿಸಲು ಚಿನ್ನದ ಸಾಧನ ಎಲ್ಲ ಹೊಂದಿಸಿಕೊಂಡು 1604–05ರ ಸುಮಾರಿಗೆ ಬಾದಶಹನ ಮುಂದೆ ಬೆಳ್ಳಿ ತಟ್ಟೆಯಲ್ಲಿಟ್ಟ.

ಅಕ್ಬರ್ ಎರಡು ಮೂರು ದಮ್ಮು ಎಳೆದದ್ದೇ ತಡ, ಆಸ್ಥಾನದ ಹಕೀಮ ಅಡ್ಡ ಬಂದ. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ, ಪರೀಕ್ಷೆಯಾಗದ ವಸ್ತುವನ್ನು ದೊರೆಗೆ ಹೇಗೆ ಕೊಡುವುದು ಎಂಬುದು ಅವನ ತಕರಾರು. ಫರಂಗಿಯವರೇನು ದಡ್ಡರಲ್ಲ, ಅವರಲ್ಲೂ ಬಲ್ಲವರಿದ್ದಾರೆ, ಯಾವ ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದ ಅಸದ್ ಬೇಗ್. ಈ ಜಾಣ ಮಾತನ್ನು ಬಾದಶಹ ಮೆಚ್ಚಿಕೊಂಡ, ಆದರೆ ತಾನು ಆ ಚಟ ಹಚ್ಚಿಕೊಳ್ಳಲಿಲ್ಲ. ಹಕೀಮನಿಗೆ ದಕ್ಕಿದ್ದು ಅಷ್ಟೇ. ಅಸದ್ ಬೇಗ್ ಹಂಚಿದ ಸೊಪ್ಪಿಗೆ ಅಮೀರರು ಮುಗಿಬಿದ್ದರು, ವ್ಯಾಪಾರಿಗಳು ತರಿಸಿ ಮಾರತೊಡಗಿದರು. ಇದನ್ನೆಲ್ಲ ಬರೆದಿಟ್ಟವನೂ ಅಸದ್ ಬೇಗನೇ. ತಾನು ಗೆದ್ದ ವಾದವನ್ನು ಬರೆಯದೆ ಬಿಡುವವರು ಯಾರು?

1617ರಲ್ಲಿ ಅಕ್ಬರನ ಮಗ ಜಹಾಂಗೀರ್ ದೇಹಕ್ಕೂ ಸ್ವಭಾವಕ್ಕೂ ಕೇಡೆಂದು ತಂಬಾಕನ್ನು ನಿಷೇಧಿಸಿದ. ಪರ್ಷಿಯಾದ ಶಾ ಅಬ್ಬಾಸನೂ ಅದೇ ಅಪ್ಪಣೆ ಹೊರಡಿಸಿದ್ದ. ತಮಾಷೆಯೆಂದರೆ ಜಹಾಂಗೀರನ ದೂತನಾಗಿ ಅಲ್ಲಿಗೆ ಹೋಗಿದ್ದ ಖಾನ್ ಆಲಂನಿಗೆ ಹೊಗೆಯಿಲ್ಲದೆ ಗಳಿಗೆ ಕಳೆಯದು. ಕೊನೆಗೆ ಶಾನೇ ಅವನೊಬ್ಬನಿಗೆ ವಿನಾಯಿತಿ ಕೊಡಬೇಕಾಯಿತು.

ಹಕೀಮ ಕೇಳಿದ ಪರೀಕ್ಷೆ ನಡೆಯಲು ಮೂರೂವರೆ ಶತಮಾನ ಹಿಡಿಯಿತು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಮರುವರ್ಷದಿಂದ ಬ್ರಿಟನ್ನಿನ ವೈದ್ಯರ ಬೆನ್ನು ಹತ್ತಿ, ಐವತ್ತು ವರ್ಷ ಅವರ ಸೇದುವ ಚಟ, ಸಾವು ಎರಡರ ಲೆಕ್ಕವನ್ನೂ ಡಾಲ್ ತಂಡ ಇಟ್ಟಿತು. ಸೇದುತ್ತಲೇ ಹೋದ ಗಂಡಸರು ಸೇದದವರಿಗಿಂತ ಸರಾಸರಿ 10 ವರ್ಷ ಮುಂಚೆ ಸತ್ತಿದ್ದರು. ಬೀಡಿ ಹಗುರ ಎನ್ನುವ ನಮ್ಮ ನಂಬಿಕೆಯನ್ನೂ 2008ರ ಭಾರತೀಯ ಅಧ್ಯಯನವೊಂದು ಕೆಡವಿತು: ಬೀಡಿ ಸೇದುವ ಗಂಡಸರ ಆಯುಸ್ಸಿನಲ್ಲಿ ಸುಮಾರು 6 ವರ್ಷ, ಹೆಂಗಸರದ್ದರಲ್ಲಿ 8 ವರ್ಷ ಖೋತಾ. ಉಳಿದ ವರ್ಷಗಳೂ ನೆಟ್ಟಗಿರುವುದಿಲ್ಲ. ಶ್ವಾಸಕೋಶ ಸೊರಗಿದವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿಯಿಡೀ ಕೆಮ್ಮು, ಮನೆಮಂದಿಗೂ ನಿದ್ದೆಯಿಲ್ಲ.

ಡಾಲ್ ತಂಡದ ಲೆಕ್ಕದಲ್ಲಿ ಇನ್ನೊಂದು ಸಾಲೂ ಇದೆ. 30ನೆಯ ವಯಸ್ಸಿನಲ್ಲಿ ಬಿಟ್ಟವರು ಕಳೆಯಲಿದ್ದ 10 ವರ್ಷಗಳನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡರು. 50ರಲ್ಲಿ ಬಿಟ್ಟವರಿಗೆ 6 ವರ್ಷ ಉಳಿಯಿತು, 60ರಲ್ಲಿ ಬಿಟ್ಟವರಿಗೂ 3.