ಬುದ್ಧಿಯನ್ನು ಅಳೆಯುವ ಕೋಲು ಕನ್ನಡಕ್ಕೆ ಬಂದುದು

ಶಾಲೆಯಲ್ಲಿ ಹಿಂದೆ ಬೀಳುವ ಹುಡುಗನಿಗೆ ಕೊಡಲು ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರವಿಲ್ಲ. ದಡ್ಡ, ಪೆದ್ದ, ಮಂಕ, ಮಂದಮತಿ. ಧಾರವಾಡದ ಕಡೆಗೆ ಇನ್ನೊಂದು, ಮಡ್ಡ. ಈ ಕೊನೆಯ ಶಬ್ದದ ನೆರೆಯಲ್ಲಿಯೇ ‘ಮಡ್ಡಿ’ ಎಂಬುದೊಂದುಂಟು. ನೇಗಿಲು ಸುಲಭವಾಗಿ ಇಳಿಯದ ಗಟ್ಟಿ ದಿನ್ನೆಯ ನೆಲಕ್ಕೆ ಆ ಹೆಸರು. ನಮ್ಮ ಮಾಳಮಡ್ಡಿಯ ಹೆಸರಿನಲ್ಲಿಯೂ ಅದಿದೆ. ಆ ಮಡ್ಡಿಯ ಮೇಲೆ ಇಂದು ಮನೆಗಳೂ ಶಾಲೆಗಳೂ ಎದ್ದು ನಿಂತಿವೆ. ಈ ಶಬ್ದವಿನೋದ ಹಾಗಿರಲಿ. ಹೆಸರಿಡುವುದು ಸುಲಭ, ಹುಡುಗನು ಯಾವುದರಲ್ಲಿ, ಎಷ್ಟು, ಏಕೆ ಹಿಂದಿದ್ದಾನೆಂದು ಕ್ರಮವಾಗಿ ಕೇಳುವ ವಿದ್ಯೆ ಮಾತ್ರ ತಡವಾಗಿ ಹುಟ್ಟಿತು.

ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯವಾದ ಮೇಲೆ, ಪಾಠ ಹತ್ತದ ಮಕ್ಕಳನ್ನು ಗುರುತಿಸಿ ಬೇರೆ ನೆರವು ಕೊಡುವುದು ಹೇಗೆಂದು ೧೯೦೪ರಲ್ಲಿ ಫ್ರೆಂಚ್ ಸರಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯನಾದ ಆಲ್ಫ್ರೆಡ್ ಬಿನೆ, ಸಿಮೋನ್ ಎಂಬ ವೈದ್ಯನೊಡನೆ ಸೇರಿ, ೧೯೦೫ರಲ್ಲಿ ೩೦ ಪ್ರಶ್ನೆಗಳ ಮಾಪನವೊಂದನ್ನು ಸಿದ್ಧಪಡಿಸಿದನು. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಗುವಿನ ಬುದ್ಧಿ ಹುಟ್ಟಿನಿಂದ ಸಾಯುವ ತನಕ ಇಷ್ಟೇ ಎಂಬ ವಾದವನ್ನು ಬಿನೆ ಒಪ್ಪಲಿಲ್ಲ. ಗಮನ, ನೆನಪು, ವಿವೇಚನೆಗಳಿಗೆ ಸಾಮು ಕಲಿಸಿದಂತೆ ಅಭ್ಯಾಸ ಕೊಡಬಹುದೆಂದು ಅವನು ನಂಬಿದ್ದನು, ಅಂಥ ಪಾಠಗಳನ್ನು ರಚಿಸಿಯೂ ಇದ್ದನು. ಅವನು ೧೯೧೧ರಲ್ಲಿ ತೀರಿಕೊಂಡನು. ಮುಂದೆ ಅಮೇರಿಕೆಯಲ್ಲಿ ಟರ್ಮನ್ ಎಂಬವನು ೧೯೧೬ರಲ್ಲಿ ಅದನ್ನು ಪರಿಷ್ಕರಿಸಿ, ‘ಬುದ್ಧಿಲಬ್ಧ’ದ ಅಂಕಿಯನ್ನು ಲೋಕಪ್ರಸಿದ್ಧ ಮಾಡಿದನು. ಅಂಕಿ ಊರೂರು ತಿರುಗಿತು. ಬಿನೆಯ ಪಾಠಗಳು ಹಿಂದೆಯೇ ಉಳಿದವು.

ಮಕ್ಕಳ ಕಲಿಕೆಯ ತೊಡಕನ್ನು ನೋಡುವುದಕ್ಕೇ ಒಬ್ಬ ಮನಶ್ಶಾಸ್ತ್ರಜ್ಞನನ್ನು ಸಂಬಳ ಕೊಟ್ಟು ಇಟ್ಟುಕೊಂಡವರು ಲಂಡನ್ನಿನ ಕೌಂಟಿ ಕೌನ್ಸಿಲ್ಲಿನವರು. ೧೯೧೩ರಲ್ಲಿ ಸಿರಿಲ್ ಬರ್ಟ್ ಆ ಕೆಲಸಕ್ಕೆ ಸೇರಿದನು. ಇತ್ತ ಲಾಹೋರಿನಲ್ಲಿ ರೈಸ್ ಎಂಬ ಅಧ್ಯಾಪಕರು ಮಾಡಿದ ಹಿಂದುಸ್ತಾನೀ ಪರಿಷ್ಕರಣ ೧೯೨೯ರಲ್ಲಿ ಪುಸ್ತಕವಾಯಿತು.

ನಮ್ಮ ಸರದಿ ಬಂದುದು ಅದಾದ ಐದೇ ವರ್ಷಕ್ಕೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯಲ್ಲಿದ್ದ ಕಾಲ. ಡಾ. ವ್ಹಿ. ವ್ಹಿ. ಕಾಮತರು ಬಿನೆಯ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ, ೧೯೩೪ರಲ್ಲಿ ಬ್ರಿಟನ್ನಿನ ಶಿಕ್ಷಣ-ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂಬಯಿ-ಕರ್ನಾಟಕ ಪರಿಷ್ಕರಣವೆಂದು ಅದಕ್ಕೆ ಹೆಸರಾಯಿತು. ೧೯೪೦ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಅವರ ಪುಸ್ತಕವೂ ಹೊರಬಂದಿತು. ಬಿನೆ-ಕಾಮತ ಪರೀಕ್ಷೆಯೆಂದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಟ್ಟಲೆ ನಡೆದುಬಂದುದು ಇದೇ.

ಎರಡು ಭಾಷೆಗಳನ್ನು ಒಟ್ಟಿಗೆ ಹಿಡಿದುದರಲ್ಲಿ ಕಾಮತರ ವಿವೇಕ ನನಗೆ ಕಾಣುತ್ತದೆ. ನಮ್ಮ ಓಣಿಗಳನ್ನೇ ನೋಡಿರಿ: ಒಂದು ಮನೆಯಲ್ಲಿ ಕನ್ನಡ, ಅದಕ್ಕೆ ಹೊಂದಿ ಮರಾಠಿ, ಅದರಾಚೆ ಉರ್ದು, ಕೊಂಕಣಿ. ಮನೆಯ ಮಾತು ಒಂದು, ಸಾಲಿಯ ಮಾತು ಇನ್ನೊಂದಾದ ಕೂಸು ಪ್ರಶ್ನೆಗೆ ಸುಮ್ಮನೆ ಕುಳಿತರೆ, ಅದಕ್ಕೆ ಬುದ್ಧಿ ಇಲ್ಲವೆನ್ನಬೇಕೋ ಪ್ರಶ್ನೆ ತಿಳಿಯಲಿಲ್ಲವೆನ್ನಬೇಕೋ? ಪರದೇಶದ ಅಳತೆಗೋಲು ಇದಕ್ಕೆ ಉತ್ತರ ಹೇಳದು. ನಮ್ಮ ನೆಲದ ಕೋಲೂ ಕಾಲಕ್ಕೆ ಸವೆಯುವುದುಂಟು. ಬಿನೆ ಮಕ್ಕಳ ಮುಂದೆ ಫ್ರೆಂಚ್ ನಾಣ್ಯಗಳನ್ನಿಟ್ಟು ಎಣಿಸಲು ಹೇಳಿದ್ದನು. ಆಣೆ ಪೈಗಳಲ್ಲಿ ಜಾಣನಾಗಿದ್ದ ನಮ್ಮ ಹುಡುಗ ೧೯೫೭ರಲ್ಲಿ ದಶಮಾಂಶದ ಪೈಸೆ ಬಂದಾಗ ಹೊಸದಾಗಿ ಲೆಕ್ಕ ಕಲಿಯಬೇಕಾಯಿತಲ್ಲ!

ಪರೀಕ್ಷೆ ನಡೆಯುವ ಬಗೆ ಸರಳವಾದುದು. ವಯಸ್ಸಿಗೆ ತಕ್ಕ ಪ್ರಶ್ನೆಗಳ ಮೆಟ್ಟಲುಗಳಿರುತ್ತವೆ. ಎಲ್ಲವನ್ನೂ ಸರಿಯಾಗಿ ಉತ್ತರಿಸಿದ ಮೆಟ್ಟಲು ಬುನಾದಿ. ಅಲ್ಲಿಂದ ಮೇಲೆ ಒಂದೊಂದು ಸರಿ ಉತ್ತರಕ್ಕೂ ಇಷ್ಟು ತಿಂಗಳೆಂದು ಕೂಡಿಸುತ್ತ, ಯಾವುದಕ್ಕೂ ಉತ್ತರ ಬಾರದ ಮೆಟ್ಟಲಿಗೆ ನಿಲ್ಲಿಸುತ್ತಾರೆ. ಹೀಗೆ ಬಂದ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ೧೦೦ರಿಂದ ಗುಣಿಸಿದರೆ ಬುದ್ಧಿಲಬ್ಧ. ಹತ್ತು ವರ್ಷದ ಹುಡುಗನು ಎಂಟರ ಮಟ್ಟದಲ್ಲಿದ್ದರೆ ೮೦. ಆದರೆ ಬಲ್ಲವನು ಮೊತ್ತವೊಂದನ್ನೇ ನೋಡಿ ಏಳುವುದಿಲ್ಲ. ಅಂಕಿಗಳನ್ನು ಹಿಂದುಮುಂದಾಗಿ ಹೇಳಲು ತಡವರಿಸಿದ ಹುಡುಗನೇ ಒಗಟು ಬಿಡಿಸುವಲ್ಲಿ ಚುರುಕಾಗಿದ್ದನೆ? ಎಲ್ಲಿ ದಣಿದನು? ಎಲ್ಲಿ ಹೆದರಿದನು? ಇದೇ ಅವನ ವಿದ್ಯೆ.

ತರಗತಿಯಲ್ಲಿ ನಾವು ಕಾಣುವ ಒಂದು ಬಗೆಯನ್ನು ಹೇಳುತ್ತೇನೆ. ಕತೆಯನ್ನು ಕೇಳಿ ಬಾಯಲ್ಲಿ ಒಪ್ಪವಾಗಿ ಹೇಳುವ ಹುಡುಗಿ, ಪುಸ್ತಕ ತೆರೆದೊಡನೆ ಮುಗ್ಗರಿಸುತ್ತಾಳೆ. ಥ-ಧಗಳು ಅವಳಿಗೆ ಒಂದೇ, ಒತ್ತಕ್ಷರವೆಂದರೆ ಕಗ್ಗಂಟು. ಅವಳ ಬುದ್ಧಿಲಬ್ಧ ಸಮನಾಗಿಯೇ ಇರಬಹುದು, ತೊಡಕಿರುವುದು ಓದಿನಲ್ಲಿ. ಇಂಥವರಿಗೆ ಬೇಕಾದುದು ಅಕ್ಷರದ ಸದ್ದನ್ನೂ ರೂಪವನ್ನೂ ಕೈಯಿಂದ ತಿದ್ದಿಸುತ್ತ ನಿಧಾನವಾಗಿ ಕಲಿಸುವ ಬೇರೆ ದಾರಿ. ಛಡಿಯೂ ಅಲ್ಲ, ಅದೇ ಪಾಠದ ನೂರು ಸಲದ ನಕಲೂ ಅಲ್ಲ.

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರಕ್ಕೂ ಬಾನುಲಿಗೂ ಹಳೆಯ ನಂಟಿದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತು ಬಂದು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರೇ, ೧೯೩೫ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದವರು. ಧಾರವಾಡದ ನಿಲಯ ಬಂದುದು ೧೯೫೦ರಲ್ಲಿ.

ಕೋಲು ಬಂದಿತು, ಕೋಲು ಹಿಡಿಯುವವನು ಶಾಲೆಗೆ ಬರಲಿಲ್ಲ. ಬರ್ಟನಂತೆ ಶಾಲೆಗಳ ನಡುವೆ ಓಡಾಡುವ ಮನಶ್ಶಾಸ್ತ್ರಜ್ಞ ನಮ್ಮ ಸಾಮಾನ್ಯ ಶಾಲೆಗಳಿಗೆ ಇಂದಿಗೂ ಅಪರೂಪ. ಆದುದರಿಂದ ತಾಯಿತಂದೆಗಳು ಆಸ್ಪತ್ರೆಗೇ ಹೋಗಬೇಕು. ಧಾರವಾಡದಲ್ಲಿ ೧೮೪೫ರಷ್ಟು ಹಿಂದೆ ಆರಂಭವಾದ ಮಾನಸಿಕ ಆಸ್ಪತ್ರೆ ಇಂದು ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಆದರೂ ‘ಹುಚ್ಚರ ಆಸ್ಪತ್ರೆ’ಯೆಂಬ ಹಳೆಯ ಮಾತು ಜನರ ನಾಲಗೆಯಿಂದ ಇಳಿದಿಲ್ಲ. ಮಗುವನ್ನು ಅಲ್ಲಿಗೆ ಕರೆದೊಯ್ದರೆ ನಾಳೆ ಮದುವೆಯ ಮಾತಿಗೆ ತೊಡಕಾದೀತೆಂದು ಹೆದರಿ ಎರಡು ಮೂರು ವರ್ಷ ಕಳೆದವರನ್ನು ನಾನು ಬಲ್ಲೆ. ಆ ವರ್ಷಗಳೇ ಓದು ಕಲಿಯುವ ವರ್ಷಗಳು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ೨೧ ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕಲಿಕೆಯ ತೊಡಕೂ ಅವುಗಳಲ್ಲೊಂದು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೇ ಮೊದಲಾದ ರಿಯಾಯಿತಿಗಳು ದೊರೆಯುತ್ತವೆ.

ಹೋಗುವವರು ಮೊದಲು ಮಗುವಿನ ಕಣ್ಣು ಕಿವಿಗಳನ್ನು ತೋರಿಸಿಕೊಳ್ಳಲಿ. ಹಲಗೆ ಕಾಣದ ಹುಡುಗನನ್ನೂ ಮಂದನೆಂದು ಕರೆದಿದ್ದೇವೆ. ಹಳೆಯ ನೋಟುಬುಕ್ಕುಗಳು ಜೊತೆಗಿರಲಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರೆಂಬುದನ್ನು, ಅವರು ಕೇಳದಿದ್ದರೂ, ಹೇಳಿರಿ. ಫಲಿತಾಂಶ ಕೈಗೆ ಬಂದಾಗ ಅಂಕಿ ಎಷ್ಟೆಂದು ಕೇಳಿ ಎದ್ದುಬರಬೇಡಿರಿ. ಸೋಮವಾರದಿಂದ ಸಾಲಿಯಲ್ಲಿ ಮಾಸ್ತರರು ಏನು ಬದಲು ಮಾಡಬೇಕೆಂಬುದನ್ನು ಬರೆಯಿಸಿಕೊಂಡು ಬನ್ನಿರಿ.