ಕೆನ್ನೆಯ ಸಂದು

1987, ಶಿರಸಿಯಲ್ಲಿ ನಾನು ಹಲ್ಲಿನ ದವಾಖಾನೆ ತೆರೆದ ಮೊದಲ ವರ್ಷ. ಎಪ್ಪತ್ತು ದಾಟಿದ ಅಜ್ಜರೊಬ್ಬರು ಅಲ್ಲಾಡುವ ದವಡೆಹಲ್ಲು ಕೀಳಿಸಿಕೊಳ್ಳಲು ಬಂದರು. ಎಲೆ-ಅಡಿಕೆಯ ಕವಳ ಉಗಿದು, ಬಾಯಿ ಮುಕ್ಕಳಿಸಿ ಕುರ್ಚಿ ಹತ್ತಿದರು. ಹಲ್ಲು ಸಲೀಸಾಗಿ ಬಂತು, ಬರಬೇಕಾದ್ದಕ್ಕಿಂತ ಸಲೀಸಾಗಿ. ತಿಂಗಳಾದರೂ ಗುಂಡಿ ಮಾಯಲಿಲ್ಲ, ಅದರೊಳಗಿಂದ ದುರ್ಮಾಂಸ ಉಕ್ಕಿತ್ತು. ಹಲ್ಲು ಅಲ್ಲಾಡಿಸಿದ್ದು ವಯಸ್ಸಲ್ಲ, ಒಸಡಿನ ಕ್ಯಾನ್ಸರ್. ಕೆನ್ನೆ ಎಳೆದು ನೋಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ನಾನು ಹಲ್ಲನ್ನಷ್ಟೇ ನೋಡಿದ್ದೆ.

ಕೆಳದವಡೆಗೂ ಕೆನ್ನೆಗೂ ನಡುವಿನ ಆ ಸಂದು ನಮ್ಮ ಸೀಮೆಯವರಿಗೆ ಅಂಗಿಯ ಜೇಬಿದ್ದಂತೆ. ಅಡಿಕೆ, ಎಲೆ, ಸುಣ್ಣ, ಒಂದೆಸಳು ಹೊಗೆಸೊಪ್ಪು ಅಗಿದು ಅಲ್ಲಿ ಒತ್ತರಿಸಿಕೊಂಡೇ ತೋಟಕ್ಕೆ ಹೋಗುತ್ತಾರೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತಾರೆ. ಕೆಲವರು ನಿದ್ದೆಯನ್ನೂ ಮಾಡುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ವೈದ್ಯಲೋಕ 'ಭಾರತದ ಬಾಯಿ ಕ್ಯಾನ್ಸರ್' ಎಂದೇ ಹೆಸರಿಟ್ಟಿದೆ.

ಕವಳಕ್ಕೂ ಕ್ಯಾನ್ಸರಿಗೂ ಇರುವ ಈ ನಂಟು ಹೊಸದಾಗಿ ಗೊತ್ತಾದದ್ದೇನಲ್ಲ. ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯ ಬೆಂಟಾಲ್ ತಮ್ಮಲ್ಲಿಗೆ ಬಂದ ಕ್ಯಾನ್ಸರ್ ರೋಗಿಗಳ ಬಗ್ಗೆ 1908ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. 1933ರಲ್ಲಿ ಅದೇ ಸೀಮೆಯ ಎಲೆ-ಅಡಿಕೆಯವರ ಬಾಯಿಯ ಬಗ್ಗೆ ಆರ್ ಎಂಬವರು ಲ್ಯಾನ್ಸೆಟ್‌ನಲ್ಲಿ ಬರೆದರು. ಆದರೆ ಇದೆಲ್ಲ ರೋಗ ಬಲಿತು ಆಸ್ಪತ್ರೆಗೆ ಬಂದವರ ಕತೆ.

ಬಲಿಯುವ ಮೊದಲೇ ಹುಡುಕಿಕೊಂಡು ಹೊರಟವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತವೈದ್ಯರು. ಭೌತವಿಜ್ಞಾನಿಗಳ ಮನೆಯಲ್ಲಿ ಹಲ್ಲಿನವರಿಗೇನು ಕೆಲಸ ಅನ್ನಬೇಡಿ, ಅಲ್ಲಿ ದಂತ ಸಂಶೋಧನೆಗೆಂದೇ ಒಂದು ಘಟಕವಿತ್ತು. ಫಾಲಿ ಮೆಹ್ತಾ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಎರ್ನಾಕುಳಂ, ಶ್ರೀಕಾಕುಳಂ, ಭಾವನಗರ, ಸಿಂಗ್‌ಭೂಮ್, ದರ್ಭಂಗಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆ ಸುತ್ತಿ 50,000ಕ್ಕೂ ಹೆಚ್ಚು ಜನರ ಬಾಯಿ ತೆರೆಸಿದರು. ಆಮೇಲೆ ಹತ್ತು ವರ್ಷ ಕೆಲವು ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಅದೇ ಬಾಯಿಗಳನ್ನು ನೋಡಿದರು. ಮೊದಲೇ ಬಿಳಿಯೋ ಕೆಂಪೋ ಮಚ್ಚೆ ಇದ್ದಲ್ಲೇ ಬಹುಪಾಲು ಕ್ಯಾನ್ಸರ್ ಮೊಳೆಯುತ್ತದೆ ಎಂದು ತಿಳಿದದ್ದು ಹಾಗೆ.

1996ರಲ್ಲಿ ತಿರುವನಂತಪುರದ 13 ಪಂಚಾಯಿತಿಗಳಲ್ಲಿ ಶುರುವಾದ ಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬಾಯಿ ನೋಡಿದವರು ವೈದ್ಯರೂ ಅಲ್ಲ, ತರಬೇತಾದ ಕಾರ್ಯಕರ್ತರು. ಕೈಯಲ್ಲಿ ಟಾರ್ಚು, ಅಷ್ಟೆ. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಪ್ರತಿಶತ ಇಳಿಯಿತೆಂದು 2005ರಲ್ಲಿ ವರದಿ ಬಂತು. ಚಟವಿಲ್ಲದವರಲ್ಲಿ ಹಾಗೇನೂ ಇಳಿಯಲಿಲ್ಲ. ಎಲ್ಲರ ಬಾಯಿಗೂ ಒಂದೇ ಲೆಕ್ಕವಲ್ಲ ಎನ್ನುವುದು ನನಗೆ ಆ ವರದಿ ಕಲಿಸಿದ ಪಾಠ.

ಹೆಂಗಸರಿರಲಿ ಗಂಡಸರಿರಲಿ, ಆ ಅಜ್ಜರ ನಂತರ ನನ್ನ ಕುರ್ಚಿಯಲ್ಲಿ ಕೂತವರ ಎರಡೂ ಕೆನ್ನೆ ಎಳೆದು ನೋಡುತ್ತ ಬಂದೆ. ನಾಲಿಗೆಯ ತುದಿಗೆ ಗಾಜ್ ಬಟ್ಟೆ ಸುತ್ತಿ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಜಗ್ಗುವುದು. ನಾಲಿಗೆಯಡಿ ಬೆರಳಿಟ್ಟು ಒತ್ತುವುದು, ದವಡೆಯ ಕೆಳಗೆ ಗಂಟು ತಡವುವುದು. ಎರಡೇ ನಿಮಿಷ. ಮೊದಮೊದಲು ಬೈಸಿಕೊಂಡೆ. "ಹಲ್ಲು ನೋಡು ಅಂದ್ರೆ ಕೆನ್ನೆ ಎಂತಕ್ಕೆ ಎಳೀತ್ಯೋ ತಮಾ?" ಅಂದಿದ್ದರು ನಮ್ಮೂರ ಅಜ್ಜಿಯೊಬ್ಬರು.

ಗುಟ್ಕಾ ಚೀಟಿ ಬಂದ ಮೇಲೆ ಕುರ್ಚಿಯ ವಯಸ್ಸೇ ಇಳಿಯಿತು. ಇಪ್ಪತ್ತರ ಹುಡುಗರ ಬಾಯಲ್ಲಿ ಮೂರು ಬೆರಳು ಅಡ್ಡಕ್ಕೆ ಹಿಡಿಯುತ್ತಿರಲಿಲ್ಲ. ಕೆನ್ನೆಯ ಒಳಮೈ ಒಣಗಿದ ಚರ್ಮದ ಹಾಗೆ ಬಿಗಿದಿರುತ್ತಿತ್ತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಕೊಡತೊಡಗಿದರು, ಬೆರೆಸುವ ಕೆಲಸ ಗಿರಾಕಿಯದ್ದಾಯಿತು.

ತಂಬಾಕಿಲ್ಲದೆ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಇದನ್ನು ಶಿರಸಿಯಲ್ಲಿ ನಿಂತು ಹೇಳುವುದು ಹೇಗೆ? ನಾನು ಹಲ್ಲಿನ ಡಾಕ್ಟರಿಕೆ ಓದಿದ್ದೇ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ. ಹೇಳುತ್ತೇನೆ, ಮೆಲ್ಲಗೆ.

ಹಲ್ಲು ತೋರಿಸಲು ಹೋದಾಗ ಕೆನ್ನೆ, ನಾಲಿಗೆಯನ್ನೂ ನೋಡಿ ಎಂದು ನೀವೇ ಕೇಳಿ. ಹಲ್ಲಿನ ಸೆಟ್ ಹಾಕಿಸಿಕೊಂಡವರು, ಇನ್ನು ದಂತವೈದ್ಯರ ಹಂಗಿಲ್ಲ ಅಂದುಕೊಂಡವರು, ವರ್ಷಕ್ಕೊಮ್ಮೆ ಸೆಟ್ ತೆಗೆದು ಬಾಯಿ ತೋರಿಸಿ ಬನ್ನಿ.